ಧಾರೆಯ ಡಿವಿಡಿ ಮತ್ತು ಕಾಣೆಯಾದ ಡ್ರೈವು

ನನ್ನ ಸೋದರತ್ತೆಯ ಮಗಳ ಮದುವೆಯಲ್ಲಿ ನಮ್ಮವ್ವ ಧಾರೆ ಹೊಯ್ದಳೋ ಇಲ್ಲವೋ ಎಂಬ ಜಗಳ ವರ್ಷಕ್ಕೂ ಮೀರಿ ನಡೆಯಿತು. ಮದುವೆ ಆದದ್ದು ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ, ಶ್ರಾವಣದಲ್ಲಿ. ಗಂಡಿನ ಕಡೆಯವರು ಅಲ್ಲಿಯವರು. ಸೋದರತ್ತೆಯ ಕಡೆಯವರು ಅರಕಲಗೂಡಿನ ಹತ್ತಿರದ ಹಳ್ಳಿಯಿಂದ ಬಸ್ಸು ಮಾಡಿಕೊಂಡು ಬಂದಿದ್ದರು. ನಾವು ಹೊಳೆನರಸೀಪುರದಿಂದ ಹೋಗಿ ಸೇರಿಕೊಂಡೆವು.

ನಮ್ಮಲ್ಲಿ ಮುಹೂರ್ತದ ಹೊತ್ತಿಗೆ ಹೆಣ್ಣುಗಂಡಿನ ಜೋಡಿಸಿದ ಕೈಯ ಮೇಲೆ ನೆಂಟರೆಲ್ಲ ಸಾಲಾಗಿ ಬಂದು ಹಾಲು ಹೊಯ್ಯುತ್ತಾರೆ. ಮುಯ್ಯಿ ಕೊಡದೆ ಹೋದವರನ್ನು ಜನ ಮರೆತುಬಿಡುತ್ತಾರೆ. ಉಣ್ಣದೆ ಹೋದವರನ್ನು ನಾಲ್ಕು ಮಾತು ಬೈದು ಸುಮ್ಮನಾಗುತ್ತಾರೆ. ಆದರೆ ಹುಡುಗಿಯ ಸ್ವಂತ ಸೋದರಮಾವನ ಹೆಂಡತಿ ಧಾರೆಗೆ ನಿಲ್ಲಲಿಲ್ಲ ಅಂದರೆ ಅದನ್ನು ಯಾರೂ ಹಾಗೆ ಬಿಡುವುದಿಲ್ಲ. ಇಲ್ಲಿ ಸೋದರಮಾವ ಅಂದರೆ ನಮ್ಮಪ್ಪ, ಹೆಂಡತಿ ಅಂದರೆ ನಮ್ಮವ್ವ.

ಸೋದರತ್ತೆಯ ಆರೋಪ ಹೀಗಿತ್ತು: ಧಾರೆ ಮುಗಿಸಿ ತಾನು ಊಟದ ಮನೆಗೆ ಬಂದು ನೋಡುವಷ್ಟರಲ್ಲಿ ಅವ್ವ ಮೊದಲನೇ ಪಂಕ್ತಿಯಲ್ಲಿ ಕೂತು ಆಗಲೇ ಪಾಯಸಕ್ಕೆ ಬಂದಿದ್ದಳು.

"ಧಾರೆ ಉಯ್ಯಕ್ಕೆ ಪುರ್ಸೊತ್ತಿಲ್ಲ, ಪಾಯ್ಸ ಸುರಿಯಕ್ಕೆ ಪುರ್ಸೊತ್ತು," ಎಂದು ಸೋದರತ್ತೆ ಅಲ್ಲೇ, ಎಲೆಗಳ ನಡುವೆ ನಿಂತೇ ಅಂದಳಂತೆ.

"ಉಯ್ದೇ ಬಂದು ಕುಂತಿದೀನಿ ಕಣವ್ವ. ನಿಂಗೆ ಕಾಣದಿದ್ರೆ ನಾನೇನ್ ಮಾಡ್ಲಿ?" ಇದು ಅವ್ವ.

"ನಾನು ಮಗಳ ಪಕ್ಕದಲ್ಲೇ ನಿಂತಿದ್ನಲ್ಲ? ನಂಗೇನು ಕಣ್ ಓಗಿದ್ವ?"

ಸಾಕ್ಷಿ ಹೇಳಬೇಕಾದವನು ಅಪ್ಪ. ಧಾರೆ ಹೊಯ್ಯುವಾಗ ಗಂಡಹೆಂಡಿರು ಒಟ್ಟಿಗೇ ಹೋಗುವುದು ರೂಢಿ. ಅಪ್ಪ ಮಾತ್ರ ಒಂದೇ ಮಾತು ಹಿಡಿದುಕೂತ: "ನಾನು ಉಯ್ದೆ. ಪಕ್ಕದಲ್ಲಿ ಯಾರೋ ಎಣ್ಮಗಳು ಇದ್ಲು. ಯಾರು ಅಂತ ನೋಡ್ಲಿಲ್ಲ." ಹೆಂಡತಿಗೂ ತಂಗಿಗೂ ನಡುವೆ ಸಿಕ್ಕಿಕೊಂಡ ಗಂಡಸು ಬದುಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೇಳಿಕೆ ಇರಲಾರದು. ಅವ್ವ ಮಾತ್ರ, "ನಲವತ್ತು ವರ್ಷದಿಂದ ಪಕ್ಕದಲ್ಲಿರೋಳು ಯಾರು ಅಂತ ಈ ಮನುಷ್ಯ ಇನ್ನೂ ನೋಡಿಲ್ಲ," ಎಂದು ಬಂದವರಿಗೆಲ್ಲ ಹೇಳತೊಡಗಿದಳು.

ಉಳಿದದ್ದು ವಿಡಿಯೋ ಒಂದೇ. ಅದನ್ನು ತೆಗೆದವನು ಸೋದರತ್ತೆಯ ಕಡೆಯವರು ಗೊತ್ತುಮಾಡಿದ್ದ ವಿಡಿಯೋದವನು. ದೀಪಾವಳಿಗೆ ಕೇಳಿದರೆ "ಮಿಕ್ಸಿಂಗ್ ಆಗ್ತಾ ಐತೆ" ಅಂದ. ಸಂಕ್ರಾಂತಿಗೆ ಕೇಳಿದಾಗಲೂ ಮಿಕ್ಸಿಂಗೇ. ಯುಗಾದಿಗೆ ಅವನ ಕಂಪ್ಯೂಟರ್ ಕೆಟ್ಟಿತ್ತು, ಆಮೇಲೆ ಮತ್ತೆ ಮಿಕ್ಸಿಂಗು. ಅಷ್ಟರಲ್ಲಿ ಹುಡುಗಿ ಬಸುರಿಯಾಗಿ, ವಾಂತಿ ಮಾಡಿಕೊಂಡು, ವಾಂತಿ ನಿಂತು, ಹೊಟ್ಟೆ ಕಾಣಿಸಿಕೊಂಡು, ಇನ್ನೇನು ತವರಿನವರು ಸೀಮಂತಕ್ಕೆ ದಿನ ನೋಡಬೇಕು ಅನ್ನುವಾಗ ಡಿವಿಡಿ ಬಂತು.

ಇಲ್ಲಿಂದ ಜಗಳಕ್ಕೆ ಹೊಸ ಬಿಸಿ ಹತ್ತಿತು. ಆ ಹುಡುಗಿ ಹೈಸ್ಕೂಲು ಓದಿದ್ದು ನಮ್ಮ ಮನೆಯಲ್ಲಿದ್ದುಕೊಂಡು. ಅವಳ ತಲೆ ಬಾಚಿ, ಜಡೆ ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸುತ್ತಿದ್ದವಳು ಅವ್ವ. ಸೀಮಂತಕ್ಕೆಂದು ಹಸಿರು ಸೀರೆಯೊಂದನ್ನು ಆಗಲೇ ತಂದು ಬೀರುವಿನಲ್ಲಿ ಮುಚ್ಚಿಟ್ಟಿದ್ದಳು. ಆದರೆ ಸೋದರತ್ತೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಳು:

"ಅಣ್ಣ ಬರ್ಲಿ, ನೀನು ಬಾ, ನಿನ್ ಎಂಡ್ರು ಬರ್ಲಿ. ನಿಮ್ಮವ್ವ ಧಾರೆ ಉಯ್ದಿಲ್ಲ ಅಂತ ಒಪ್ಕಂಡ್ರೆ ಅವಳೂ ಬರ್ಲಿ. ಸುಳ್ ಏಳ್ಕಂಡು ಮಡಿಲು ತುಂಬಕ್ಕೆ ಬರಾದು ಬ್ಯಾಡ."

"ಅತ್ತೆ, ಡಿವಿಡಿ ಬಂದೈತಲ್ಲ, ಹಾಕ್ ನೋಡಿದ್ರಾಯ್ತು."

"ನಮ್ಮನೇಲಿ ಅದ್ನ ಹಾಕಾ ಮಿಷಿನ್ ಇಲ್ಲ. ಪಕ್ಕದ್ ಮನ್ಗೆ ತಗಂಡೋಗಿ ನಮ್ಮನೆ ಜಗಳ ಊರಿಗೆಲ್ಲ ತೋರಿಸ್ಲಾ? ನೀನು ಓದಿರೋನು. ನಿನ್ ಲ್ಯಾಪ್ಟಾಪಲ್ಲೇ ಆಗ್ಲಿ. ದಸರಾ ಕಳೆದ್ ಭಾನುವಾರ ನಾನೇ ತತ್ತೀನಿ, ಎಲ್ಲಾರೂ ಕುಂತು ನೋಡನ. ನಿಮ್ಮವ್ವನ ಕೈ ಕಂಡ್ರೆ ಅಲ್ಲೇ ಅವಳ್ಗೆ ಕುಂಕುಮ ಕೊಟ್ಟು ಕರೀತೀನಿ. ಕಾಣದಿದ್ರೆ ಅವಳು ಬಾಯ್ಬುಟ್ ಏಳ್ಬೇಕು."

ಓದಿರೋನು ಎಂಬ ಮಾತಿಗೆ ನಾನು ಉಬ್ಬಿಹೋದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಹಾಸನದ ಹಾಸ್ಟೆಲಿನಲ್ಲಿ ಸಾರಿನೊಳಗೆ ಬೇಳೆ ಹುಡುಕುತ್ತ ಬಿ.ಎಸ್ಸಿ. ಮಾಡಿದವನು. ಒಂದು ವರ್ಷ ಫೇಲಾಗಿ, ಊರಿಗೆ ಬಂದು ಶುಂಠಿ ಹೊಲದಲ್ಲಿ ಬಗ್ಗಿ, ಮತ್ತೆ ಹೋಗಿ ಪಾಸು ಮಾಡಿದವನು. ಈಗ ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟ್ರು, ವಿಜ್ಞಾನ ಪಾಠ. ಅಪ್ಪ ಅವ್ವ ನಮ್ಮ ಜೊತೆಗೇ ಇದ್ದರು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಆ ಕಾಲಕ್ಕೆ ನಮ್ಮ ನೆಂಟರಲ್ಲಿ ಲ್ಯಾಪ್‌ಟಾಪ್ ಇದ್ದದ್ದು ನನ್ನೊಬ್ಬನ ಹತ್ತಿರ. ಹಾಸನದಲ್ಲಿ ಸೆಕೆಂಡ್‌ಹ್ಯಾಂಡಿಗೆ ತಂದದ್ದು ಎಂಬ ಸಂಗತಿ ಮನೆಯೊಳಗಿನ ಮಾತು. ಅದಕ್ಕೆ ನನ್ನ ಹೆಂಡತಿ ಹಳೆಯ ಪರದೆಯ ಬಟ್ಟೆಯಲ್ಲಿ ಗವಸು ಹೊಲಿದಿದ್ದಳು. ಗೌರಿ ಹಬ್ಬದಲ್ಲಿ ಅಪ್ಪ ಅದರಲ್ಲಿ ಹಳ್ಳಿಯವರ ನಾಟಕದ ಸಿ.ಡಿ. ಹಾಕಿಸಿಕೊಂಡು, ಭೀಮನ ಪಾರ್ಟಿನವನ ಜೊತೆ ತಾನೂ ಹಾಡಿದ್ದ. ಡ್ರೈವು ಆಗ ಸರಿಯಾಗಿಯೇ ಇತ್ತು.

ನಾನು ಒಪ್ಪಿಕೊಂಡೆ. "ಬಾ ಅತ್ತೆ. ತಂತ್ರಜ್ಞಾನದಲ್ಲಿ ಸುಳ್ಳಿಗೆ ಜಾಗ ಇಲ್ಲ," ಎಂದೂ ಹೇಳಿದೆ. ಆ ಮಾತು ಯಾಕೆ ಬೇಕಿತ್ತೋ.

ಬನ್ನಿ ಹಬ್ಬ ಕಳೆದ ಮೇಲೆ, ಭಾನುವಾರಕ್ಕೆ ಎಲ್ಲ ಸಿದ್ಧವಾಗಿರಲಿ ಎಂದು ಲ್ಯಾಪ್‌ಟಾಪ್ ತೆರೆದು, ಪಕ್ಕದ ಗುಂಡಿ ಒತ್ತಿದೆ. ಟ್ರೇ ಹೊರಗೆ ಬರಲಿಲ್ಲ. ಮತ್ತೆ ಒತ್ತಿದೆ. ಒತ್ತಿದಾಗ ಮಿನುಗಬೇಕಾದ ಪುಟ್ಟ ದೀಪವೂ ಮಿನುಗಲಿಲ್ಲ. 'ಮೈ ಕಂಪ್ಯೂಟರ್' ತೆರೆದು ನೋಡಿದರೆ ಸಿ ಇದೆ, ಡಿ ಇದೆ, ಡಿವಿಡಿ ಡ್ರೈವಿನ ಗುರುತೇ ಇಲ್ಲ. ಅಟೆಂಡೆನ್ಸಿನಲ್ಲಿ ಹೆಸರೇ ಹೊಡೆದುಹಾಕಿದ ಹಾಗೆ. ಡಿವೈಸ್ ಮ್ಯಾನೇಜರಿನಲ್ಲಿ ಕೆಟ್ಟ ಭಾಗದ ಮುಂದೆ ಹಳದಿ ಗುರುತು ಬರುತ್ತದೆ ಎಂದು ಕೇಳಿದ್ದೆ. ಇಲ್ಲಿ ಹಳದಿಯೂ ಇಲ್ಲ, ಕೆಂಪೂ ಇಲ್ಲ. ಆ ಭಾಗ ಹುಟ್ಟಿಯೇ ಇಲ್ಲ ಎಂಬಂತೆ ಯಂತ್ರ ತಣ್ಣಗೆ ಕೂತಿತ್ತು. ಆರಿಸಿ ಹಚ್ಚಿದೆ. ಬ್ಯಾಟರಿ ಕಿತ್ತು ಹಾಕಿದೆ.

"ಏನ್ಲಾ ಅದು?" ಬಾಗಿಲಲ್ಲಿ ಅವ್ವ.

"ಡ್ರೈವು ಕಾಣ್ತಿಲ್ಲ."

"ಎಲ್ಲೋಯ್ತು? ಅದ್ರೊಳಗೇ ಐತಲ್ಲ!" ಅವಳು ಬಂದು ಟ್ರೇಯ ಅಂಚನ್ನು ಬೆರಳಲ್ಲಿ ಮುಟ್ಟಿ ತೋರಿಸಿದಳು.

"ನಂಗೆ ಕಾಣುತ್ತೆ ಅವ್ವ. ಕಂಪ್ಯೂಟರ್‌ಗೆ ಕಾಣ್ತಿಲ್ಲ."

"ಅಂಗಾದ್ರೆ ಅದುಕ್ಕೂ ನಿನ್ ಸೋದರತ್ತೆ ಕಣ್ಣೇ ಬಂದೈತೆ."

ನನಗೆ ನಗು ಬಂತು, ಅವಳು ನಗಲಿಲ್ಲ. "ಭಾನುವಾರದೊಳ್ಗೆ ಸರಿ ಓಯ್ತದೆ ತಾನೆ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಅವಳು ಕೇಳಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಧಾರೆ ಹೊಯ್ದದ್ದು ಅವಳ ಮಟ್ಟಿಗೆ ನಿಜವಾದ ನಿಜ ಎಂದು. ಹೊಯ್ಯದವಳಾಗಿದ್ದರೆ ಡ್ರೈವು ಕೆಟ್ಟದ್ದಕ್ಕೆ ದೇವರಿಗೆ ಕಾಯಿ ಒಡೆಸುತ್ತಿದ್ದಳು.

ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ ಕೂತು ಹುಡುಕಿದೆ. ಇದೇ ರೋಗ ಪ್ರಪಂಚದ ತುಂಬ ಇತ್ತು. ಎಲ್ಲೆಲ್ಲಿಯವರೋ ಅಳುತ್ತಿದ್ದರು, ಎಲ್ಲೆಲ್ಲಿಯವರೋ ಮದ್ದು ಹೇಳುತ್ತಿದ್ದರು. ಡ್ರೈವನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕು ಎಂದ ಒಬ್ಬ. ತೆಗೆಯಲು ಅದು ಕಂಡರೆ ತಾನೆ? ವಿಂಡೋಸಿನ ಲೆಕ್ಕದ ಪುಸ್ತಕದಂಥ ರಿಜಿಸ್ಟ್ರಿಯೊಳಗೆ ಇಂಥ ಕಡೆ ಫಿಲ್ಟರ್ ಎಂಬ ಎರಡು ಸಾಲು ಇರುತ್ತವೆ, ಅಳಿಸಿಬಿಡು ಎಂದ ಇನ್ನೊಬ್ಬ. ಬೇರೆ ಏನಾದರೂ ಅಳಿಸಿದರೆ ಯಂತ್ರವೇ ಏಳುವುದಿಲ್ಲ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಮನೆಗೆ ಬಂದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಸಾಲುಗಳನ್ನು ಹುಡುಕಿದೆ. ಇದ್ದದ್ದು ಒಂದೇ. ಅಳಿಸಿದೆ.

"ರೀ, ಏನಾದ್ರೂ ಆಯ್ತಾ?"

"ಆಯ್ತು."

"ಏನು?"

"ಒಂದು ಸಾಲು ಕಮ್ಮಿ ಆಯ್ತು."

ಡ್ರೈವು ಮಾತ್ರ ಬರಲಿಲ್ಲ.

ಮಾರನೆಯ ದಿನ ಶಾಲೆ ಬಿಟ್ಟವನೇ ಹಾಸನದ ಬಸ್ಸು ಹತ್ತಿದೆ, ಲ್ಯಾಪ್‌ಟಾಪನ್ನು ಗವಸಿನ ಸಮೇತ ತೊಡೆಯ ಮೇಲಿಟ್ಟುಕೊಂಡು. ಸಂತೆಪೇಟೆಯ ಕಡೆಯ ಅಂಗಡಿಯೊಂದರಲ್ಲಿ ತೋರಿಸಿದೆ. ಅಂಗಡಿಯವರು ಅದನ್ನು ಕಿವಿಯ ಹತ್ತಿರ ಹಿಡಿದು ಎಳನೀರಿನಂತೆ ಅಲ್ಲಾಡಿಸಿದರು.

"ಡ್ರೈವ್ ಸತ್ತೋಗಿದೆ ಸಾ."

"ಹೇಗೆ ಗೊತ್ತಾಯ್ತು?"

"ಬದ್ಕಿದ್ರೆ ಕಾಣ್ತಿತ್ತಲ್ಲ ಸಾ?"

ವಿಜ್ಞಾನ ಮೇಷ್ಟ್ರಾದ ನಾನು, ಹಾಗಾದರೆ ಹೊಸದು ಹಾಕಿಕೊಡಿ ಅಂದೆ. ಹೊಸ ಡ್ರೈವು ಬೆಂಗಳೂರಿಂದ ಬರಬೇಕು, ಮುಂದಿನ ವಾರ ಅಂದರು. ಭಾನುವಾರದೊಳಗೆ ಬೇಕಿತ್ತು ಅಂದೆ. ಹಾಗಾದರೆ ಫಾರ್ಮ್ಯಾಟ್ ಮಾಡಿ ನೋಡೋಣ, ಕೆಲವು ಸಲ ಸರಿಹೋಗುತ್ತದೆ ಅಂದರು. ಸತ್ತಿದೆ ಅಂತ ಈಗ ತಾನೆ ಅಂದಿರಲ್ಲ ಅಂದೆ. "ಒಂದೊಂದು ಎದ್ದೇಳ್ತವೆ ಸಾ," ಅಂದರು. ಅದರೊಳಗೆ ನನ್ನ ಪ್ರಶ್ನೆಪತ್ರಿಕೆಗಳೆಲ್ಲ ಇದ್ದವು. ಗವಸು ಹಾಕಿಕೊಂಡು ವಾಪಸು ಬಸ್ಸು ಹತ್ತಿದೆ.

ಅಷ್ಟರಲ್ಲಿ ಸುದ್ದಿ ಅರಕಲಗೂಡಿನ ಕಡೆಗೆ ಮುಟ್ಟಿತ್ತು. ಹೇಗೆ ಅಂದರೆ, ಅಪ್ಪ. ತಂಗಿ ಫೋನು ಮಾಡಿದಾಗ ಏನು ಸಮಾಚಾರ ಅಂದಳಂತೆ, ಇವನು ಇದ್ದ ಸಮಾಚಾರ ಹೇಳಿಬಿಟ್ಟನಂತೆ. ನಾನು ಒಳಗೆ ಕಾಲಿಡುವಾಗ ಅವನು ಫೋನನ್ನು ನನ್ನ ಕೈಗೆ ತುರುಕಿ, "ನಿನ್ ಸೋದರತ್ತೆ, ಮಾತಾಡು," ಎಂದು ಹಿತ್ತಿಲಿಗೆ ನಡೆದೇಬಿಟ್ಟ.

"ಕೆಟ್ಟೋಯ್ತಂತಲ್ಲಪ್ಪ?" ಸೋದರತ್ತೆಯ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಹೌದತ್ತೆ. ರಿಪೇರಿಗೆ..."

"ಕೆಡ್ದೆ ಇರುತ್ತಾ? ಕೆಡ್ಲೇಬೇಕು ಅದು. ನಾನು ಮೊದ್ಲೇ ಅಂದ್ಕಂಡೆ. ಗೌರಮ್ಮನ ಅಬ್ಬದಲ್ಲಿ ಆಡ್ತಿತ್ತು, ನಾನು ಬತ್ತೀನಿ ಅಂದ್ ತಕ್ಷಣ ಕೆಟ್ಟೋಯ್ತು. ಎತ್ತವ್ವನ್ನ ಬುಟ್ಕೊಡಕ್ಕಾಯ್ತದಾ ಗಂಡುಮಗ? ಬುಡು ಬುಡು, ನಂಗೇನ್ ಬ್ಯಾಸ್ರ ಇಲ್ಲ."

"ಅತ್ತೆ, ನಾನೇ ಕೆಡಿಸಿದೆ ಅಂತೀಯಾ?"

"ನಾನೆಲ್ಲಂದೆ? ತಂತ್ರಗ್ನಾನದಲ್ಲಿ ಸುಳ್ಳಿಗೆ ಜಾಗ ಇಲ್ಲ ಅಂತ ನೀನೇ ಅಂದಲ್ಲ ಮಗ."

ಫೋನು ಇಟ್ಟೆ. ಇಲ್ಲಿಯವರೆಗೆ ಅವ್ವನ ಮಾತಿನ ಪ್ರಶ್ನೆಯಾಗಿತ್ತು. ಈಗ ನನ್ನನ್ನೂ ಅವಳ ಪಕ್ಕದಲ್ಲಿ ಕಟಕಟೆಗೆ ಹತ್ತಿಸಿದ್ದರು. ಡ್ರೈವು ಎದ್ದೇಳದಿದ್ದರೆ ಅವ್ವ ಸೀಮಂತಕ್ಕೆ ಹೋಗುವಂತಿಲ್ಲ, ಅವ್ವ ಹೋಗದ ಕಡೆ ನಾನು ಹೇಗೆ ಹೋಗಲಿ?

ಅವ್ವ ಬೀರು ತೆರೆದು ಆ ಹಸಿರು ಸೀರೆಯನ್ನು ಹೊರಗೆ ತೆಗೆದಳು. "ಇದ್ನ ನಿನ್ ಎಂಡ್ರು ಕೈಲೇ ಕೊಟ್ಟು ಕಳಿಸ್ತೀನಿ. ನಾನ್ ಓಗದಿದ್ರೆ ಏನಂತೆ, ಸೀರೆ ಓಗ್ಲಿ," ಅಂದಳು. ಆಮೇಲೆ ಅದನ್ನು ಯಾರ ಕೈಗೂ ಕೊಡದೆ ಮತ್ತೆ ಒಳಗಿಟ್ಟಳು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು, ಊಟ ಮಾಡಿ, ಯಂತ್ರವನ್ನು ಜಗಲಿಯ ಬೆಳಕಿಗೆ ತಂದಿಟ್ಟುಕೊಂಡು ಕೂತೆ. ಇನ್ನೊಬ್ಬರು ಹೇಳಿದ್ದನ್ನು ಮಾಡುವುದು ಸಾಕು, ತರಗತಿಯಲ್ಲಿ ಹುಡುಗರಿಗೆ ಹೇಳುವುದನ್ನು ನಾನೂ ಒಂದು ಸಲ ಮಾಡಿ ನೋಡೋಣ ಎಂದುಕೊಂಡೆ. ಮೊದಲು ಗಮನಿಸು, ಆಮೇಲೆ ಊಹಿಸು.

ಯಂತ್ರ ಹಚ್ಚಿ, ವಿಂಡೋಸ್ ಶುರುವಾಗುವ ಮುಂಚೆಯೇ ಒಂದು ಕೀಲಿ ಒತ್ತಿದರೆ ನೀಲಿ ಪರದೆಯೊಂದು ಬರುತ್ತದೆ. ತನ್ನ ಮೈಯಲ್ಲಿ ಏನೇನಿದೆ ಎಂದು ಯಂತ್ರ ತಾನೇ ಲೆಕ್ಕ ಹಾಕಿಕೊಳ್ಳುವ ಜಾಗ ಅದು. ಅಲ್ಲಿಯೂ ಡ್ರೈವು ಇರಲಿಲ್ಲ. ಅಂದರೆ ತಪ್ಪು ವಿಂಡೋಸಿನದಲ್ಲ, ನಾನು ಅಳಿಸಿದ ಸಾಲಿನದೂ ಅಲ್ಲ. ಗುಂಡಿ ಒತ್ತಿದರೆ ದೀಪವೂ ಹತ್ತುವುದಿಲ್ಲ. ಅಂದರೆ ಡ್ರೈವಿಗೆ ಕರೆಂಟೇ ಹೋಗುತ್ತಿಲ್ಲ. ಕರೆಂಟು ಹೋಗುತ್ತಿಲ್ಲ ಎಂದರೆ, ಸತ್ತಿದೆ ಎಂದಲ್ಲ. ಎಲ್ಲೋ ಸಂಪರ್ಕ ತಪ್ಪಿದೆ. ಅಷ್ಟು ದೂರ ಬಂದ ಮೇಲೆ ನನಗೆ ನನ್ನ ಮೇಲೇ ಗೌರವ ಬಂತು. ಬಿ.ಎಸ್ಸಿ. ಸುಮ್ಮನೆ ಹೋಗಿರಲಿಲ್ಲ.

ಮುಂದಿನ ಪ್ರಶ್ನೆ: ಗೌರಿ ಹಬ್ಬದಿಂದ ಇಲ್ಲಿಯವರೆಗೆ ಇದಕ್ಕೆ ಏನಾಯಿತು? ಬಿದ್ದಿಲ್ಲ. ನೆಂದಿಲ್ಲ. ಯಂತ್ರವನ್ನು ಬೋರಲು ಹಾಕಿದೆ. ಅಡಿಯಲ್ಲಿ ಅರಿಸಿನ ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಮನೆಯ ಕತ್ತಿ, ಕುಡುಗೋಲು, ಈಳಿಗೆಮಣೆ, ಹೊಲಿಗೆ ಮಿಷನ್ನು, ನನ್ನ ಸ್ಕೂಟರು, ಎಲ್ಲದರ ಜೊತೆಗೆ ಇದಕ್ಕೂ ಪೂಜೆಯಾಗಿತ್ತು. ಮಾಡಿದವಳು ಅವ್ವ. ಸ್ಕೂಟರಿಗೆ ಒಂದು ಮೊಳ ಸೇವಂತಿಗೆ ಸಿಕ್ಕಿದ್ದರೆ ಲ್ಯಾಪ್‌ಟಾಪಿಗೆ ಎರಡು ಸುತ್ತು ಹಾರ. ತನ್ನ ಮಾನ ಉಳಿಸುವ ಯಂತ್ರ ಅಲ್ಲವೇ?

ಪಕ್ಕಕ್ಕೆ ತಿರುಗಿಸಿ ಟಾರ್ಚ್ ಬಿಟ್ಟೆ. ಡ್ರೈವಿನ ಮುಂಭಾಗ ಯಂತ್ರದ ಮೈಗೆ ಸಮನಾಗಿ ಇರಬೇಕಲ್ಲ, ಇರಲಿಲ್ಲ. ರಾಗಿಕಾಳಿನಷ್ಟು ಮುಂದೆ ಬಂದಿತ್ತು. ಆ ಸಂದಿಯಲ್ಲಿ ಒಣಗಿದ ಬಾಳೆನಾರಿನ ಒಂದು ಎಳೆ ಸಿಕ್ಕಿಕೊಂಡಿತ್ತು.

"ಅವ್ವಾ!"

ಅಕ್ಕಿ ಆರಿಸುತ್ತಿದ್ದವಳು ಮೊರ ಹಿಡಿದುಕೊಂಡೇ ಬಂದಳು.

"ಇದಕ್ಕೆ ಪೂಜೆ ಮಾಡಿದೆಯಲ್ಲ, ಹಾರ ಹೆಂಗೆ ಕಟ್ಟಿದೆ?"

"ಎಂಗೆ ಅಂದ್ರೆ? ಎಲ್ಲಾ ಕಟ್ಟಾಂಗೆ. ಅದು ನುಣ್ಣಗೈತೆ, ಜಾರ್ತಿತ್ತು. ಅದುಕ್ಕೆ ಆ ತುಟಿಗೆ ಸಿಗಾಕಿ ಬಿಗಿಯಾಗಿ ಕಟ್ದೆ." ತುಟಿ ಎಂದು ಅವಳು ತೋರಿಸಿದ್ದು ಟ್ರೇಯ ಅಂಚನ್ನು.

"ತೆಗೆಯುವಾಗ?"

"ಮಾರ್ನೆಗೆ ಊವ ಕದ್ಲಿಸ್ಬೇಕಲ್ಲ. ಎಳ್ದೆ. ಬರ್ಲಿಲ್ಲ. ಇನ್ನೊಂದ್ ಸಲ ಜೋರಾಗ್ ಎಳ್ದೆ, ಟಕ್ ಅಂತು. ನಾರು ಕಿತ್ತೋಯ್ತು ಅಂದ್ಕಂಡೆ."

"ನಾರಲ್ಲ ಅವ್ವ ಕಿತ್ತದ್ದು."

"ಮತ್ತೆ?"

ಯಂತ್ರವನ್ನು ಮತ್ತೆ ಬೋರಲು ಹಾಕಿದೆ. ಯಂತ್ರದ ಅಡಿಯಲ್ಲಿ ಡ್ರೈವನ್ನು ಹಿಡಿದಿಡುವ ಒಂದೇ ಒಂದು ಸ್ಕ್ರೂ ಇರಬೇಕಾದ ತೂತು ಖಾಲಿಯಾಗಿತ್ತು. ಸೆಕೆಂಡ್‌ಹ್ಯಾಂಡ್ ಮಾಲು, ನನಗಿಂತ ಹಿಂದಿನ ಯಜಮಾನನ ಕಾಲದಲ್ಲೇ ಬಿದ್ದುಹೋಗಿರಬೇಕು. ಡ್ರೈವು ಅಷ್ಟು ದಿನ ತನ್ನ ಬಿಗಿಯಿಂದಲೇ ನಿಂತಿತ್ತು. ಯಂತ್ರ ಆರಿಸಿ, ನಾರಿನ ಎಳೆಯನ್ನು ಸೂಜಿಯಲ್ಲಿ ತೆಗೆದು, ಹೆಬ್ಬೆರಳಲ್ಲಿ ಡ್ರೈವನ್ನು ಒಳಕ್ಕೆ ಒತ್ತಿದೆ. ಟಕ್ ಅಂತು. ಹಚ್ಚಿದೆ. ಪುಟ್ಟ ದೀಪ ಮಿನುಗಿತು. ಗುಂಡಿ ಒತ್ತಿದರೆ ಟ್ರೇ ನಾಲಿಗೆ ಚಾಚಿತು.

ಅವ್ವ ಮೊರ ಕೆಳಗಿಟ್ಟಳು. "ಅಷ್ಟೇನಾ?"

"ಅಷ್ಟೇ."

"ಇಷ್ಟುಕ್ಕೆ ಆಸನಕ್ಕೆ ಓಗಿದ್ಯಾ? ಒಂದ್ ತಳ್ಳು ತಳ್ಳಕ್ಕೆ ಬಿಎಸ್ಸಿ ಬೇಕಿತ್ತಾ? ನಂಗ್ ಏಳಿದ್ರೆ ನಾನೇ ತಳ್ತಿದ್ದೆ."

"ಎಳೆದವಳೂ ನೀನೇ ತಾನೆ?"

"ಪೂಜೆ ಮಾಡ್ದೆ ಕಣ್ಲಾ, ಎಳೀಲಿಲ್ಲ," ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ಸೊಸೆಗೆ ಹೇಳುವುದು ಕೇಳಿಸಿತು: "ಸರಿ ಓಯ್ತಂತೆ ಕಣವ್ವ. ಪೂಜೆ ಮಾಡಿದ್ದು ಎಲ್ಲಿಗೋಗುತ್ತೆ?" ಸೈಬರ್ ಸೆಂಟರಿನಲ್ಲಿ ನಾನು ಓದಿದ ಅಷ್ಟೂ ಪರಿಹಾರಗಳಲ್ಲಿ ನಿಮ್ಮ ತಾಯಿ ಇದಕ್ಕೆ ಹಾರ ಹಾಕಿದ್ದರಾ ಎಂದು ಒಬ್ಬನೂ ಕೇಳಿರಲಿಲ್ಲ. ಡ್ರೈವು ಮತ್ತೆ ಜಾರದಿರಲಿ ಎಂದು ಗಾಯಕ್ಕೆ ಹಾಕುವ ಪ್ಲಾಸ್ಟರನ್ನು ಅಂಚಿಗೆ ಅಂಟಿಸಿದೆ.

ಭಾನುವಾರ ಸೋದರತ್ತೆ ಬಂದಳು, ಬಾಳೆಗೊನೆಯ ಒಂದು ಚಿಪ್ಪು ಮತ್ತು ಸೆರಗಿನೊಳಗೆ ಸುತ್ತಿಕೊಂಡ ಡಿವಿಡಿಯ ಜೊತೆ. ಅವ್ವನ ಕಡೆ ನೋಡದೆ ಕಾಫಿ ಕುಡಿದಳು. ಅವ್ವನೂ ಅವಳ ಕಡೆ ನೋಡದೆ ಇನ್ನೊಂದು ಲೋಟ ಕೊಟ್ಟಳು. ಯಂತ್ರಕ್ಕೆ ಪ್ಲಾಸ್ಟರ್ ಹಾಕಿದ್ದನ್ನು ಕಂಡು, "ಪಾಪ, ಏಟಾಗೈತೆ," ಎಂದು ಸೋದರತ್ತೆ ನನ್ನನ್ನು ಕೆಣಕಿದಳು. ಕಾಫಿ ಕುಡಿದದ್ದೇ ಎಲ್ಲರೂ ಲ್ಯಾಪ್‌ಟಾಪಿನ ಮುಂದೆ ಒತ್ತಿಕೊಂಡು ಕೂತೆವು. ಪರದೆ ಚಿಕ್ಕದು, ಮಾತು ಬಿಟ್ಟವರಿಬ್ಬರು ಭುಜಕ್ಕೆ ಭುಜ ತಾಗಿಸಿ ಕೂರದೆ ವಿಧಿಯಿರಲಿಲ್ಲ. ಅಪ್ಪ ಹಿಂದೆ ಗೋಡೆಗೆ ಒರಗಿ ನಿಂತ, ಬಾಗಿಲಿಗೆ ಹತ್ತಿರವಾಗಿ.

ವರ್ಷದ ಮಿಕ್ಸಿಂಗು ಏನು ಅಂತ ಆಗ ಗೊತ್ತಾಯಿತು. ಗುಲಾಬಿ ಅರಳಿ ಅದರೊಳಗಿಂದ ಮದುಮಗಳು ಬಂದಳು. ಹಂಸವೊಂದು ಈಜಿಕೊಂಡು ಹೋಗಿ ಮದುಮಗನಾಯಿತು. ನಮ್ಮಪ್ಪ ಛತ್ರದ ಬಾಗಿಲಲ್ಲಿ ನೆಂಟರಿಗೆ ಕೈ ಮುಗಿಯುತ್ತಿದ್ದವನು ಇದ್ದಕ್ಕಿದ್ದಂತೆ ನಾಲ್ಕು ಜನ ಅಪ್ಪಂದಿರಾಗಿ ಮೂಲೆಮೂಲೆಗೆ ಹಾರಿಹೋದ. "ಒಬ್ರುನ್ನ ಇಟ್ಕಂಡೇ ಸಾಕಾಗೈತೆ," ಎಂದಳು ಅವ್ವ. ಸೋದರತ್ತೆಗೆ ನಗು ಬಂದು, ಕೆಮ್ಮಿನಲ್ಲಿ ಮುಚ್ಚಿಕೊಂಡಳು.

ಧಾರೆ ಬಂತು. ಎಲ್ಲರೂ ಮುಂದಕ್ಕೆ ಬಾಗಿದೆವು.

ವಿಡಿಯೋದವನು ಧಾರೆಯನ್ನು ಪೂರ್ತಿ ತೆಗೆದಿದ್ದ, ಒಬ್ಬರನ್ನೂ ಬಿಟ್ಟಿರಲಿಲ್ಲ. ಆದರೆ ಹತ್ತಿರದಿಂದ ಹಿಡಿದಿದ್ದ. ಸುತ್ತಲೂ ಹೃದಯದ ಆಕಾರ, ನಡುವೆ ಹೆಣ್ಣುಗಂಡಿನ ಜೋಡಿಸಿದ ಕೈ, ಮೇಲಿನಿಂದ ಹಾಲು ಹೊಯ್ಯುವ ಕೈಗಳು. ಮುಖ ಒಂದೂ ಇಲ್ಲ. ಕೈ ಬಂದವು, ಹೊಯ್ದವು, ಹೋದವು.

"ಇದೇನ್ಲಾ ಇದು? ಜನ ಎಲ್ಲಿ?" ಸೋದರತ್ತೆ.

"ಇಷ್ಟೇ ಇರೋದತ್ತೆ."

"ಅದೋ! ಅದು ನಂದು!" ಅವ್ವ ಪರದೆಗೆ ಬೆರಳು ಚುಚ್ಚಿದಳು.

"ಅದು ನಂದು ಕಣತ್ಗೆ!" ವರ್ಷದ ಮೇಲೆ ಸೋದರತ್ತೆ ಅವ್ವನನ್ನು ನೇರ ಮಾತಾಡಿಸಿದ ಮೊದಲ ಮಾತು ಇದು.

"ನಂದೇ. ಬಳೆ ನೋಡು."

"ಬಳೆ ಏನ್ ನೋಡದು? ಬಳೆ ಸಾಸ್ತ್ರದಲ್ಲಿ ಮನೆ ಎಂಗಸ್ರಿಗೆಲ್ಲ ಒಂದೇ ಅಸಿರು ಬಳೆ ತೊಡಿಸ್ಲಿಲ್ವ?"

ಅದು ಸರಿ. ಬೆರಳು ನೋಡೋಣ ಎಂದರೆ, ಶ್ರಾವಣ ಅಂದರೆ ಅರಕಲಗೂಡು ಕಡೆ ಹೊಗೆಸೊಪ್ಪು ಮುರಿದು ಕಡ್ಡಿಗೆ ಕಟ್ಟುವ ಕಾಲ. ಅದರ ಅಂಟು ಬೆರಳಿಗೆ ಹತ್ತಿದರೆ ಸೀಗೆಪುಡಿಗೂ ಹೋಗುವುದಿಲ್ಲ. ಮದುವೆಯ ಹಿಂದಿನ ವಾರವೆಲ್ಲ ಅವ್ವನೂ ಊರಿಗೆ ಹೋಗಿ ನಾದಿನಿಯ ಸೊಪ್ಪು ಕಟ್ಟಿಕೊಟ್ಟು ಬಂದಿದ್ದಳು. ಪರದೆಯ ಮೇಲೆ ಬಂದ ನಮ್ಮ ಕಡೆಯ ಹೆಂಗಸರ ಕೈಯೆಲ್ಲ ಒಂದೇ ಹಸಿರು ಬಳೆ, ಒಂದೇ ಕಪ್ಪು ಬೆರಳು. ಇಬ್ಬರೂ ತಂತಮ್ಮ ಕೈ ಚಾಚಿ ಪರದೆಯ ಪಕ್ಕಕ್ಕೆ ಹಿಡಿದರು. ನಾನು ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ನನಗೆ ನನ್ನ ಹೆತ್ತವ್ವನ ಕೈ ಯಾವುದು, ಸೋದರತ್ತೆಯ ಕೈ ಯಾವುದು ಎಂದು ಎದುರಿಗಿಟ್ಟುಕೊಂಡರೂ ಗೊತ್ತಾಗುತ್ತಿರಲಿಲ್ಲ.

ವಿಡಿಯೋವನ್ನು ಮುಂದಕ್ಕೆ ಬಿಟ್ಟೆ. ಪರದೆಯ ಮೇಲೆ ಇನ್ನೊಂದು ಕೈ ಬಂತು. ಅದೇ ಬಳೆ, ಅದೇ ಬೆರಳು. ಪಕ್ಕದಲ್ಲಿ ಗಂಡಸಿನ ಕೈಯೊಂದು ತೀರಾ ನಿಧಾನವಾಗಿ ಬಟ್ಟಲು ಬಗ್ಗಿಸುತ್ತಿತ್ತು. ಈ ಹೆಣ್ಣುಕೈಗೆ ಅಷ್ಟು ತಾಳ್ಮೆ ಇರಲಿಲ್ಲ. ಬಟ್ಟಲನ್ನು ಒಂದೇ ಸಲ ಬೋರಲು ಹಾಕಿತು. ಹಾಲು ಜೋಡಿಸಿದ ಕೈಯನ್ನು ಬಿಟ್ಟು ಮದುಮಗನ ಮಣಿಕಟ್ಟಿನ ಹೊಸ ವಾಚಿನ ಮೇಲೆ ಪೂರ್ತಿ ಸುರಿಯಿತು. ಮದುಮಗನ ಕೈ ಬೆಂಕಿ ತಾಗಿದಂತೆ ಜಗ್ಗಿ, ಜೋಡಿಸಿದ ಕೈಯಲ್ಲಿದ್ದ ತೆಂಗಿನಕಾಯಿ ಉರುಳಿತು.

ನಾನು ಹಿಂದಕ್ಕೆ ಓಡಿಸಿ ಆ ಕೈಯ ಮೇಲೇ ವಿಡಿಯೋ ನಿಲ್ಲಿಸಿದೆ. ಸೋದರತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಶಿವನೇ! ಅಳಿಯನ ವಾಚು ಮೂರ್ತದ್ ದಿನಾನೇ ನಿಂತೋಯ್ತು, ಯಾರು ನೀರಾಕಿದ್ರೋ ಅಂತಿದ್ರು ಬೀಗ್ರು. ಅತ್ಗೆ, ಇದು ಮಾತ್ರ ನಿಂದೇ ಕೈ!"

"ನಂದಲ್ಲ!" ಅವ್ವ ತಟ್ಟನೆ ಅಂದಳು.

"ನಿಂದೇ. ಇಷ್ಟು ಆತ್ರ ಇನ್ಯಾರಿಗೈತೆ?"

"ನಾನು ನಿಧಾನಕ್ ಉಯ್ದೆ."

"ಅಂಗಾದ್ರೆ ಉಯ್ದಿಲ್ಲ ಅನ್ನು."

ಅವ್ವನ ಕಷ್ಟ ನನಗೆ ಅರ್ಥವಾಯಿತು. ಧಾರೆ ಹೊಯ್ದದ್ದು ನಿಲ್ಲಬೇಕಾದರೆ ಆ ಕೈಯನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಚನ್ನರಾಯಪಟ್ಟಣದ ಅಳಿಯನ ವಾಚು ಕೆಡಿಸಿದ ಹೆಂಗಸು ಎಂಬ ಹೆಸರನ್ನೂ ಹೊರಬೇಕು.

ಗೋಡೆಯ ಕಡೆಯಿಂದ ಅಪ್ಪ ಗಂಟಲು ಸರಿಮಾಡಿಕೊಂಡ. "ಪಕ್ಕದ್ ಕೈ ನಂದು ಕಣಮ್ಮಿ. ನಿಧಾನಕ್ ಉಯ್ತಿರೋದು ನಾನೇ. ನಂಗೂ ಸೆರಗು ತಾಕ್ದಂಗಾಗಿತ್ತು. ಒಪ್ಕಂಬುಡು."

ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು. "ಈಗ ಬಾಯ್ ಬಂತಾ?" ಎಂದಳು ಹೆಂಡತಿ. "ವರ್ಷದಿಂದ ಎಲ್ ಅಡಗಿತ್ತು?" ಎಂದಳು ತಂಗಿ. ಅಪ್ಪ ಬಾಗಿಲ ಹತ್ತಿರ ನಿಂತದ್ದು ಒಳ್ಳೆಯದೇ ಆಯಿತು.

ಅವ್ವ ಸೆರಗು ಸರಿಮಾಡಿಕೊಂಡು, ಪರದೆಯ ಮೇಲೆ ನಿಂತಿದ್ದ ಕೈಯನ್ನು ಇನ್ನೊಮ್ಮೆ ನೋಡಿ, ತಲೆಯೆತ್ತಿ ಹೇಳಿದಳು: "ಹೂಂ. ನಂದೇ. ಏನೀಗ? ಧಾರೆಗೆ ಕೂರೋನಿಗೆ ವಾಚು ಕಟ್ಕಂಡು ಕುಂತ್ಕ ಅಂತ ಯಾರ್ ಏಳಿದ್ರು?"

ಸೋದರತ್ತೆ ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ ಎದ್ದು ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದಳು. ನಮ್ಮ ಮನೆಯ ಕುಂಕುಮವನ್ನೇ ಅವ್ವನ ಹಣೆಗೆ ಇಟ್ಟು, "ಬುಧವಾರ ಸೀಮಂತ. ಮಂಗಳ್ವಾರವೇ ಬಂದು ಒಬ್ಬಟ್ಟ್ ಮಾಡ್ಕೊಡು ಬಾ ಅತ್ಗೆ," ಎಂದು ಕರೆದಳು. ಅವ್ವ ಬೀರು ತೆರೆದು ಹಸಿರು ಸೀರೆ ತೋರಿಸಿದಳು. ಅಂಚು ಇನ್ನೊಂದು ಬೆರಳು ಅಗಲ ಇರಬೇಕಿತ್ತು ಎಂದು ಸೋದರತ್ತೆ ತಕರಾರು ತೆಗೆದಳು. ಮನೆ ಸರಿಹೋಯಿತು ಎಂದು ನನಗೆ ಆಗ ಖಾತ್ರಿಯಾಯಿತು.

ಆ ಕೈ ನಿಜವಾಗಿ ಅವ್ವನದೇನಾ? ಗೊತ್ತಿಲ್ಲ. ಡಿವಿಡಿ ಈಗಲೂ ಸೋದರತ್ತೆಯ ಪೆಟ್ಟಿಗೆಯಲ್ಲಿದೆ, ನಾನು ಮತ್ತೆ ಕೇಳಲಿಲ್ಲ. ಸೀಮಂತದ ದಿನ, ಸೋದರತ್ತೆಯಿಂದ ಡಿವಿಡಿಯ ಕತೆಯನ್ನು ಆಗಲೇ ಕೇಳಿದ್ದ ಚನ್ನರಾಯಪಟ್ಟಣದ ಅಳಿಯಂದಿರು ಹೆಂಡತಿಯ ಪಕ್ಕದಲ್ಲಿ ಮಣೆಯ ಮೇಲೆ ಕೂತಿದ್ದರು. ಮಡಿಲು ತುಂಬಿ ಮುಗಿಸಿ, ಅರಿಸಿನ ಸುಣ್ಣ ಕಲಸಿದ ಕೆಂಪು ನೀರಿನ ಆರತಿಯ ತಟ್ಟೆ ಹಿಡಿದು ಅವ್ವ ಅವರ ಕಡೆ ಬಂದಳು. ಅದನ್ನು ನೋಡಿದ್ದೇ ಅವರು ಮೆಲ್ಲಗೆ ವಾಚು ಬಿಚ್ಚಿ ಜೇಬಿಗೆ ಇಳಿಸಿಕೊಂಡರು.